ಅಪ್ಪಂಗೆ ಪೊರೆ ಆಪರೇಷನ್ ಅಂತಿದ್ದಾರೆ, ಯಾವ ಕಣ್ಣಿನ ಡಾಕ್ಟ್ರ ಹತ್ರ ತೋರಿಸ್ಲಿ?

ಪ್ರಶ್ನೆ: ನಮಸ್ತೆ ಮೇಡಂ, ನಮ್ದು ಅರಸೀಕೆರೆ ಹತ್ರ ಹಳ್ಳಿ. ಅಪ್ಪಂಗೆ 63, ಶುಗರ್ ಬಂದು ಹತ್ತು ವರ್ಷದ ಮೇಲಾಯ್ತು. ಈಗೀಗ ಬಸ್ಸಿನ ಬೋರ್ಡು ಓದಕ್ಕಾಗಲ್ಲ, ಎಲ್ಲಾ ಮಂಜು ಮಂಜು ಅಂತಾರೆ. ಕನ್ನಡಕದಂಗಡೀಲಿ ನಂಬರ್ ಬದಲಾಯಿಸಿ ಕೊಟ್ರು, ಏನೂ ಪ್ರಯೋಜನ ಆಗ್ಲಿಲ್ಲ, ಆಮೇಲೆ ಕ್ಯಾಂಪ್‌ನಲ್ಲಿ ಟಾರ್ಚ್ ಬಿಟ್ಟು ನೋಡಿ ಪೊರೆ ಬಂದಿದೆ ಆಪರೇಷನ್ ಮಾಡಿಸಿ ಅಂದ್ರು. ಒಬ್ಬೊಬ್ರು ಒಂದೊಂದು ಆಸ್ಪತ್ರೆ ಹೇಳ್ತಾರೆ, ಯಾರನ್ನ ನಂಬೋದು?

ಉತ್ತರ (ಕಣ್ಣಿನ ವೈದ್ಯೆ): ಆಸ್ಪತ್ರೆ ಹೆಸ್ರು ಆಮೇಲೆ ನೋಡೋಣ. ನಿಮ್ಮ ತಂದೆಗೆ ಹತ್ತು ವರ್ಷದಿಂದ ಶುಗರ್ ಇದೆ ಅಂದ್ರೆ ಮೊದ್ಲು ರೆಟಿನಾ ನೋಡಿಸ್ಲೇಬೇಕು, ಜನ ಕಣ್ಣಿನ ನರ ಅಂತಾರಲ್ಲ ಅದೇ, ಕಣ್ಣಿನ ಹಿಂದಿನ ಪರದೆ. ಪೊರೆ ಇರಬಹುದು, ಆದ್ರೆ ಶುಗರ್‌ನಿಂದ ರೆಟಿನಾ ನಡುವೆ ನೀರು ತುಂಬಿ ಊದ್ಕೊಂಡಿದ್ರೂ ಹೀಗೇ ಮಂಜಾಗುತ್ತೆ, ಅದನ್ನ ನೋಡದೆ ಪೊರೆ ತೆಗೆದ್ರೆ ಆಪರೇಷನ್ ಚೆನ್ನಾಗೇ ಆದ್ರೂ ದೃಷ್ಟಿ ಬರಲ್ಲ, ಕೆಲವರಿಗೆ ಊತ ಇನ್ನೂ ಜಾಸ್ತಿ ಆಗುತ್ತೆ.

ಅಂಗಡೀಲಿ ನೋಡೋದು ಪವರ್ ಮಾತ್ರ, ಅದು ಅವರ ಕೆಲ್ಸ, ತಪ್ಪೇನಿಲ್ಲ. ನಿಮಗೆ ಬೇಕಾಗಿರೋದು ಎಂಬಿಬಿಎಸ್ ಆದ್ಮೇಲೆ ಕಣ್ಣಿನ ವಿಷಯದಲ್ಲೇ ಎಂಎಸ್ ಇಲ್ಲಾ ಡಿಎನ್‌ಬಿ ಅನ್ನೋ ಡಿಗ್ರಿ ಮಾಡಿರೋ ನೇತ್ರತಜ್ಞರು, ಅದರಲ್ಲೂ ರೆಟಿನಾದಲ್ಲಿ ಫೆಲೋಶಿಪ್, ಅಂದ್ರೆ ವಿಶೇಷ ತರಬೇತಿ, ಮಾಡಿರೋರು ಸಿಕ್ರೆ ಒಳ್ಳೇದು. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಕಣ್ಣಿನ ವಿಭಾಗ ಇದೆ, ಮೊದ್ಲು ಅಲ್ಲಿಗೇ ಹೋಗಿ. ಮುಂದಕ್ಕೆ ಬೇಕಾದ್ರೆ ಶಿವಮೊಗ್ಗದ ಶಂಕರ ಕಣ್ಣಿನ ಆಸ್ಪತ್ರೆ ಇದೆ, ಬೆಂಗಳೂರಲ್ಲಿ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ.

ಎಲ್ಲೇ ಹೋದ್ರೂ ಪಾಪೆ ದೊಡ್ಡದಾಗೋ ಡ್ರಾಪ್ಸ್ ಹಾಕಿ ಒಳಗೆ ನೋಡ್ತಾರಾ ಗಮನಿಸಿ. ಅರ್ಧ ಗಂಟೆ ಕೂರಿಸ್ತಾರೆ, ಬೇಜಾರಾಗ್ಬೇಡಿ, ಆ ಕಾಯೋದೇ ಮುಖ್ಯ. ಡ್ರಾಪ್ಸ್ ಹಾಕದೇನೇ ಆಪರೇಷನ್ ಡೇಟ್ ಕೊಟ್ರೆ ಇನ್ನೊಬ್ಬರ ಹತ್ರ ತೋರಿಸಿ. ಊತ ಇದೆ ಅನ್ನೋ ಅನುಮಾನ ಬಂದ್ರೆ ಓಸಿಟಿ ಸ್ಕ್ಯಾನ್ ಬರೀತಾರೆ, ಅದು ರೆಟಿನಾದ ಪದರಗಳನ್ನ ತೋರಿಸೋ ನೋವಿಲ್ಲದ ಸ್ಕ್ಯಾನ್. ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ ರಿಪೋರ್ಟು, ಬಿಪಿ ಚೀಟಿ, ಹಳೇ ಕನ್ನಡಕ, ತಗೊಳೋ ಮಾತ್ರೆ ಎಲ್ಲಾ ಒಂದು ಕವರ್‌ಗೆ ಹಾಕ್ಕೊಂಡು ಹೋಗಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಅಪ್ಪ ಬೈಕಲ್ಲೇ ಒಬ್ರೇ ಹೋಗ್ಬರ್ತೀನಿ ಅಂತಿದ್ದಾರೆ. ಇನ್ನೊಂದು, ಪೊರೆನೇ ಅಂತಾದ್ರೆ ದೂರ ಹತ್ರ ಎರಡೂ ಕಾಣೋ ಜಾಸ್ತಿ ರೇಟಿನ ಲೆನ್ಸೇ ಹಾಕಿಸ್ಬೇಕಾ?

ಉತ್ತರ: ಬೈಕ್ ಬೇಡ್ವೇ ಬೇಡ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಕುಕ್ಕುತ್ತೆ, ಹತ್ರದ್ದು ಕಾಣಲ್ಲ, ನೀವೇ ಜೊತೆಗೆ ಹೋಗಿ. ಲೆನ್ಸ್ ವಿಷ್ಯಕ್ಕೆ ಬಂದ್ರೆ, ರೆಟಿನಾ ಕೆಟ್ಟಿರೋರಿಗೆ ಆ ಮಲ್ಟಿಫೋಕಲ್ ಲೆನ್ಸ್ ಸಾಮಾನ್ಯವಾಗಿ ನಾವು ಹೇಳಲ್ಲ, ಮಾಮೂಲಿ ಮೊನೊಫೋಕಲ್, ಅಂದ್ರೆ ಒಂದೇ ದೂರಕ್ಕೆ ಸರಿಯಾಗಿ ಕಾಣೋ ಲೆನ್ಸ್, ಸಾಕು, ಓದಕ್ಕೆ ಕನ್ನಡಕ ಹಾಕ್ಕೊಂಡ್ರಾಯ್ತು. ಸಾಲ ಮಾಡಿ ದುಬಾರಿ ಲೆನ್ಸ್ ಹಾಕಿಸ್ಬೇಡಿ. ಅಷ್ಟರೊಳಗೆ ಕಣ್ಮುಂದೆ ಇದ್ದಕ್ಕಿದ್ದಂಗೆ ಕಪ್ಪು ಚುಕ್ಕೆಗಳು ತೇಲಿದ್ರೆ ಅಥವಾ ಒಂದು ಕಡೆಯಿಂದ ಪರದೆ ಎಳೆದಂಗೆ ಕತ್ತಲಾದ್ರೆ ಅಪಾಯಿಂಟ್‌ಮೆಂಟ್‌ಗೆ ಕಾಯ್ಬೇಡಿ, ಅವತ್ತೇ ಕರ್ಕೊಂಡು ಹೋಗಿ.