ಸಹಾಯ ಬೇಕು: ಅಪ್ಪ ಅಮ್ಮನಿಗೆ ಕ್ರೂಸ್, ಕಡಿಮೆ ದರಕ್ಕೆ ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಪ್ಪ, ಅಮ್ಮ, ಅತ್ತೆ ಮೂವರನ್ನೂ ಲಕ್ಷದ್ವೀಪದ ಕಡೆ ಹೋಗುವ ಕ್ರೂಸ್‌ಗೆ ಕಳುಹಿಸುವ ಆಸೆ ಇದೆ. ತೋಟ ಬಿಟ್ಟು ಎಲ್ಲಿಗೂ ಹೋದವರಲ್ಲ. ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಹೊರಡಿಸಬೇಕು. ಮಳೆಗಾಲ ಹೇಗೂ ಬೇಡ, ಕಡಲು ಸರಿ ಇರುವುದಿಲ್ಲ.

ಜಾಹೀರಾತಿನಲ್ಲಿ ಕಾಣುವ ದರ ಸಾಮಾನ್ಯವಾಗಿ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ ಒಬ್ಬರಿಗೆ ಬೀಳುವ ಲೆಕ್ಕ. ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಟಿಪ್ಸ್ ಸೇರಿದರೆ ಮೊತ್ತ ಬೇರೆಯೇ ಆಗುತ್ತದೆ. ಅತ್ತೆಗೆ ಪ್ರತ್ಯೇಕ ಕ್ಯಾಬಿನ್ ಎಂದರೆ ಒಬ್ಬರಿಗೇ ಹೆಚ್ಚುಕಡಿಮೆ ಇಬ್ಬರ ಹಣ. ಮೂವರೂ ಒಂದರಲ್ಲೇ ಇದ್ದರೆ ಮೂರನೆಯವರಿಗೆ ಎಷ್ಟು ಇಳಿಯಬಹುದು? ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಅಗ್ಗ, ಆದರೆ ವಯಸ್ಸಾದವರಿಗೆ ಉಸಿರು ಕಟ್ಟಿದಂತಾಗುವುದಿಲ್ಲವೇ? ನನಗೆ ಅದೇ ದೊಡ್ಡ ಚಿಂತೆ.

ಕೊಚ್ಚಿಯಿಂದ ಹತ್ತಿಸುವುದೋ, ನೇತ್ರಾವತಿ ರೈಲಿನಲ್ಲಿ ಮುಂಬೈಗೆ ಕಳುಹಿಸುವುದೋ? ತಿಂಗಳುಗಳ ಮೊದಲೇ ಬುಕ್ ಮಾಡಿದರೆ ಲಾಭವೋ, ಕೊನೆ ಗಳಿಗೆಯಲ್ಲಿ ಉಳಿದ ಕ್ಯಾಬಿನ್‌ಗಳ ದರ ಇಳಿಯುತ್ತದೆಯೋ? ಮಂಗಳೂರಿನ ಏಜೆಂಟರ ಮೂಲಕ ಹೋದವರು ಇದ್ದರೆ ಎಲ್ಲ ಸೇರಿ ಕೊಟ್ಟ ಮೊತ್ತ, ರದ್ದು ಮಾಡಿದರೆ ಹಣ ವಾಪಸಾಗುವ ನಿಯಮ ದಯವಿಟ್ಟು ತಿಳಿಸಿ. ಮಂಡಿನೋವಿನವರಿಗೆ ಹಡಗಿನಿಂದ ದ್ವೀಪಕ್ಕೆ ದೋಣಿಯಲ್ಲಿ ಇಳಿಯಲು ಸಾಧ್ಯವೇ ಎಂಬುದನ್ನೂ ಹೇಳಿ, ಅಮ್ಮನಿಗಾಗಿ ಕೇಳುತ್ತಿದ್ದೇನೆ.