ಶಾಲೆಯ ಹಳೇ ಕಂಪ್ಯೂಟರಿನಲ್ಲಿ ಹವಾಮಾನ ಮಾಡೆಲ್ ಓಡಿಸಬಹುದೇ?

ಹಿರಿಯೂರು ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳು ಹೆಚ್ಚಿನವರು ಶೇಂಗಾ ಬೆಳೆಯುವ ಮನೆಯವರು. ಹವಾಮಾನ ಬದಲಾವಣೆ ಪಾಠ ಮುಗಿಸುತ್ತಿದ್ದಂತೆ ಒಬ್ಬಳು ಎದ್ದು, "2050ರಲ್ಲಿ ನಮ್ಮ ಹೊಲಕ್ಕೆ ಎಷ್ಟು ಮಳೆ ಬರುತ್ತೆ ಸಾರ್?" ಎಂದಳು. ಇದನ್ನು ಲೆಕ್ಕ ಹಾಕುವ ಮಾಡೆಲ್ ನಾವೇ ಓಡಿಸಬಹುದಾ? ಲ್ಯಾಬಿನಲ್ಲಿರುವುದು 4 ಜಿಬಿ ರ‍್ಯಾಮಿನ ಪಿಸಿಗಳು. ಕರೆಂಟಿನ ಕಥೆ ನಿಮಗೇ ಗೊತ್ತು.

ಗಾಳಿಪಟ:
ಎನ್-ರೋಡ್ಸ್ ನೋಡಿ ಸಾರ್. ದುಡ್ಡು ಬೇಕಿಲ್ಲ, ಬ್ರೌಸರಿನಲ್ಲೇ ಓಡುತ್ತದೆ. ಕಲ್ಲಿದ್ದಲಿನ ತೆರಿಗೆ ಏರಿಸಿದರೆ 2100ರ ತಾಪಮಾನ ಎಷ್ಟು ಇಳಿಯುತ್ತದೆ ಅಂತ ತಕ್ಷಣ ತೋರಿಸುತ್ತದೆ.

ಹಳೇ ಪಿಸಿ:
ಅದು ಚೆನ್ನಾಗಿದೆ, ಆದರೆ ತಾಪಮಾನಕ್ಕೆ ಇಡೀ ಭೂಮಿಯ ಸರಾಸರಿ ಕೊಡುತ್ತದೆ. ಹುಡುಗಿ ಕೇಳಿದ್ದು ಹೊಲದ ಮಳೆ, ಅಲ್ವಾ?

ಜನರ ಮನೆ ಪಿಸಿಗಳಲ್ಲಿ ಹವಾಮಾನ ಮಾಡೆಲ್ ಓಡಿಸುವ ಯೋಜನೆಯೊಂದಿದೆ, ಆಕ್ಸ್‌ಫರ್ಡಿನವರು 2003ರಲ್ಲಿ ಶುರು ಮಾಡಿದ ಕ್ಲೈಮೇಟ್‌ಪ್ರಿಡಿಕ್ಷನ್ ಡಾಟ್ ನೆಟ್. ಅದಕ್ಕೆ ನಾನು ಪಿಸಿ ಬಿಟ್ಟುಕೊಟ್ಟಿದ್ದೆ. ಬ್ರಿಟನ್ನಿನ ಹವಾಮಾನ ಇಲಾಖೆಯ ಮಾಡೆಲ್ಲೇ ನಮ್ಮನೆ ಮೇಜಿನ ಮೇಲೆ ಓಡುತ್ತಿತ್ತು. ಫ್ಯಾನ್ ಹಗಲೂ ರಾತ್ರಿ ಗುಂಯ್ ಅನ್ನುತ್ತಿತ್ತು. ಕರೆಂಟ್ ಹೋದರೆ, ಕೊನೇ ಸಲ ಸೇವ್ ಆದಲ್ಲಿಂದ ಮತ್ತೆ ಶುರು. ಆದರೆ ಏನು ಲೆಕ್ಕ ಹಾಕಬೇಕು ಅಂತ ತೀರ್ಮಾನಿಸುವವರು ಅವರು. ನಮ್ಮದು ಬರೀ ಯಂತ್ರ.

ಎಡ್‌ಜಿಸಿಎಂ ಅಂತ ಇನ್ನೊಂದಿದೆ. ನಾಸಾದ 1980ರ ದಶಕದ ಮಾಡೆಲ್ಲನ್ನು ವಿದ್ಯಾರ್ಥಿಗಳಿಗಾಗಿ ಪಿಸಿಗೆ ತಂದದ್ದು. ಅದು ಭೂಮಿಯನ್ನು 8 ಡಿಗ್ರಿ ಅಕ್ಷಾಂಶ, 10 ಡಿಗ್ರಿ ರೇಖಾಂಶದ ಚೌಕಗಳಾಗಿ ಕತ್ತರಿಸುತ್ತದೆ. ಬೀದರಿನಿಂದ ಚಾಮರಾಜನಗರದ ತನಕ ಒಂದೇ ಚೌಕದಲ್ಲಿ ಹಿಡಿಸುವಷ್ಟು ದೊಡ್ಡದು! ಪಶ್ಚಿಮ ಘಟ್ಟವೇ ಮಾಯ. ವರ್ಷಕ್ಕೆ 7000 ಮಿ.ಮೀ. ದಾಟುವ ಆಗುಂಬೆಗೂ ನಿಮ್ಮ ಹಿರಿಯೂರಿಗೂ ಒಂದೇ ಮಳೆ. ಒಂದು ಹೊಲದ ಮಳೆಯನ್ನು ದೊಡ್ಡ ದೊಡ್ಡ ಮಾಡೆಲ್ಲುಗಳೂ ಖಚಿತವಾಗಿ ಹೇಳಲಾರವು. ಅವಳಿಗೆ ಅದನ್ನೇ ಹೇಳಿ, ಸುಮ್ನೆ ಒಂದು ಅಂಕಿ ಕೊಡಬೇಡಿ.

ಕ್ಲಾಸಿಗೆ ಎಕ್ಸೆಲ್ ಸಾಕು. ಸೂರ್ಯನಿಂದ ಬರುವುದು ಚದರ ಮೀಟರಿಗೆ 1361 ವ್ಯಾಟ್. ಭೂಮಿ ಗುಂಡಗಿರುವುದರಿಂದ 4ರಿಂದ ಭಾಗಿಸಿ. 30% ವಾಪಸ್ ಚಿಮ್ಮುತ್ತದೆ, ಕಳೆಯಿರಿ. ಉಳಿದದ್ದನ್ನು ಸ್ಟೀಫನ್-ಬೋಲ್ಟ್ಸ್‌ಮನ್ ಸೂತ್ರಕ್ಕೆ (ವಸ್ತು ಹೊರಸೂಸುವ ಶಕ್ತಿಗೂ ಅದರ ತಾಪಮಾನಕ್ಕೂ ಇರುವ ಸಂಬಂಧ) ಹಾಕಿದರೆ ಬರುವುದು ಮೈನಸ್ 18 ಡಿಗ್ರಿ ಆಸುಪಾಸು. ನಿಜವಾದ ಸರಾಸರಿ ಸುಮಾರು 15. ನಡುವಿನ 33 ಡಿಗ್ರಿ ಹಸಿರುಮನೆ ಅನಿಲಗಳ ಕೆಲಸ. ಇದೂ ಮಾಡೆಲ್ಲೇ ಸಾರ್.

ಹಿರಿಯೂರು ಮೇಷ್ಟ್ರು:
ಧನ್ಯವಾದ. ಈಗಷ್ಟೇ ಹಾಕಿ ನೋಡಿದೆ. ಹಿಮ ಜಾಸ್ತಿ ಅಂತ 30ರ ಬದಲು 35 ಹಾಕಿದರೆ ಇನ್ನೂ 5 ಡಿಗ್ರಿ ಹತ್ತಿರ ಇಳಿಯಿತು. ಸರಿ ತಾನೇ?

ಹಳೇ ಪಿಸಿ:
ಸರಿ ಇದೆ. ಅಲ್ಲಿಂದ ಮುಂದಕ್ಕೆ ಮಕ್ಕಳೇ ಬದಲಿಸಲಿ.