ಲಾಗಿನ್ ಆಗುತ್ತೆ, ಎಸ್ ಡ್ರೈವ್ ಮಾತ್ರ ತೆರೆಯಲ್ಲ

ಕೇಳಿದವರು:
ನಮ್ಮದು 28 ಕಂಪ್ಯೂಟರ್‌ಗಳ ಆಫೀಸು. ಇರುವುದು ಒಂದೇ ಸರ್ವರ್, ವಿಂಡೋಸ್ ಸರ್ವರ್ 2019. ಡೊಮೈನ್ ಕಂಟ್ರೋಲರ್, ಅಂದರೆ ಆಫೀಸಿನ ಕಂಪ್ಯೂಟರ್‌ಗಳ ಗುಂಪಿಗೆ (ಡೊಮೈನ್) ಲಾಗಿನ್ ನೋಡಿಕೊಳ್ಳುವುದು ಕೂಡ ಅದೇ. ಹೋದ ವಾರ ಬ್ರಾಡ್‌ಬ್ಯಾಂಡಿನವರು ಹೊಸ ರೌಟರ್ ಕೂರಿಸಿ ಹೋದರು. ಅವತ್ತಿನಿಂದ ಆರು ಕಂಪ್ಯೂಟರ್‌ಗಳದ್ದು ಒಂದೇ ಗೋಳು. ಲಾಗಿನ್ ಆಗುತ್ತದೆ, ಇಂಟರ್ನೆಟ್ ಬರುತ್ತದೆ, ಎಸ್ ಡ್ರೈವ್ (ಸರ್ವರಿನಲ್ಲಿ ಎಲ್ಲರೂ ಬಳಸುವ ಫೋಲ್ಡರ್) ಮೇಲೆ ಮಾತ್ರ ಕೆಂಪು ಇಂಟು ಮಾರ್ಕ್. ಸರ್ವರ್ ಹೆಸರು ಹೊಡೆದರೆ ತೆರೆಯುವುದಿಲ್ಲ, ಐಪಿ (ಅದರ ಅಂಕಿಯ ವಿಳಾಸ) ಹೊಡೆದರೆ ತೆರೆಯುತ್ತದೆ. ಆರನ್ನೂ ಡೊಮೈನ್‌ನಿಂದ ತೆಗೆದು ಮತ್ತೆ ಸೇರಿಸಿಬಿಡಲಾ?

ಹಾಸನದವರು:
ಬೇಡ ಸರ್, ಸದ್ಯಕ್ಕೆ ಕೈ ಹಾಕಬೇಡಿ. ತೆಗೆಯಲೇಬೇಕು ಅಂದರೂ ಮೊದಲು ಆ ಕಂಪ್ಯೂಟರಿನ ಲೋಕಲ್ ಅಡ್ಮಿನ್ (ಡೊಮೈನಿನದ್ದಲ್ಲ, ಆ ಕಂಪ್ಯೂಟರಿನದ್ದೇ ಖಾತೆ) ಪಾಸ್‌ವರ್ಡ್ ಹೊಡೆದು ನೋಡಿ. ನಾನು ಒಂದು ಶನಿವಾರ ಸಂಜೆ ಅಕೌಂಟ್ಸ್ ಮೇಡಂ ಕಂಪ್ಯೂಟರನ್ನು ಡೊಮೈನ್‌ನಿಂದ ತೆಗೆದು ರೀಸ್ಟಾರ್ಟ್ ಕೊಟ್ಟೆ. ಆಮೇಲೆ ಒಳಗೆ ಹೋಗುವುದಕ್ಕೆ ಯಾವ ಪಾಸ್‌ವರ್ಡೂ ಗೊತ್ತಿಲ್ಲ! ಹಾಕಿಕೊಟ್ಟವರು ಕೆಲಸ ಬಿಟ್ಟು ಎರಡು ವರ್ಷ ಆಗಿತ್ತು. ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ದಾವಣಗೆರೆಯವರು:
ಲಾಗಿನ್ ಆಯಿತು ಅಂದಮಾತ್ರಕ್ಕೆ ಡೊಮೈನ್ ಸಿಕ್ಕಿತು ಅಂತಲ್ಲ. ಎಲ್ಲರೂ ಎಡವುವುದು ಇಲ್ಲೇ. ಬೇರೆ ಸೆಟ್ಟಿಂಗ್ ಇಲ್ಲದಿದ್ದರೆ, ಮೊದಲು ಲಾಗಿನ್ ಆದವರಲ್ಲಿ ಕೊನೆಯ 10 ಜನರ ಗುರುತನ್ನು ವಿಂಡೋಸ್ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ನೆಟ್‌ವರ್ಕ್ ಕೇಬಲ್ ಕಿತ್ತು ಲಾಗಿನ್ ಮಾಡಿ ನೋಡಿ, ಆರಾಮಾಗಿ ಆಗುತ್ತದೆ. ಸರ್ವರನ್ನು ಕೇಳಿಯೇ ಇರುವುದಿಲ್ಲ.

ಈಗ ಕೆಟ್ಟಿರುವ ಒಂದು ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಹೊಡೆಯಿರಿ. ಡಿಎನ್‌ಎಸ್ ಸರ್ವರ್ಸ್ ಅನ್ನುವ ಸಾಲು ನೋಡಿ. ಹೆಸರು ಕೊಟ್ಟರೆ ಐಪಿ ಹೇಳುವುದೇ ಡಿಎನ್‌ಎಸ್. ಅಲ್ಲಿ ನಿಮ್ಮ ಸರ್ವರ್ ಐಪಿ ಇರಬೇಕು. ರೌಟರಿನದ್ದೋ 8.8.8.8 (ಗೂಗಲ್‌ನವರ ಡಿಎನ್‌ಎಸ್) ಅಂತಲೋ ಇದ್ದರೆ ಕಳ್ಳ ಸಿಕ್ಕ. ಡೊಮೈನ್ ಕಂಟ್ರೋಲರ್ ಎಲ್ಲಿದೆ ಅಂತ ಕಂಪ್ಯೂಟರ್ ಕೇಳುವುದು ಡಿಎನ್‌ಎಸ್ ಅನ್ನೇ. 8.8.8.8ಕ್ಕೆ ಊರೆಲ್ಲ ಗೊತ್ತು, ನಿಮ್ಮ ಆಫೀಸಿನ ಒಳಗಿನ ಹೆಸರು ಗೊತ್ತಿಲ್ಲ. ಅದಕ್ಕೇ ಇಂಟರ್ನೆಟ್ ಬರುತ್ತದೆ, ಎಸ್ ಡ್ರೈವ್ ಬರುವುದಿಲ್ಲ.

28ರಲ್ಲಿ ಆರಕ್ಕೆ ಮಾತ್ರ ಯಾಕೆ? ಹೊಸ ರೌಟರಿನಲ್ಲಿ ಡಿಎಚ್‌ಸಿಪಿ, ಅಂದರೆ ಕಂಪ್ಯೂಟರ್‌ಗಳಿಗೆ ಐಪಿಯನ್ನೂ ಡಿಎನ್‌ಎಸ್ ವಿಳಾಸವನ್ನೂ ಹಂಚುವ ಸೇವೆ, ಆನ್ ಇದೆ ಅಂತ ನನ್ನ ಅನುಮಾನ. ಸರ್ವರಿನಲ್ಲೂ ಇದೆ ಅಲ್ವಾ? ಇಬ್ಬರೂ ಐಪಿ ಹಂಚುತ್ತಿದ್ದಾರೆ. ಯಾರು ಮೊದಲು ಉತ್ತರ ಕೊಟ್ಟರೋ ಅವರ ಪಾಲು. ರೌಟರಿನದ್ದು ಆಫ್ ಮಾಡದಿದ್ದರೆ ಆರು ಹೋಗಿ ಹತ್ತಾಗುತ್ತದೆ.

ಇನ್ನೊಂದು ಮಾತು. ಕಂಪ್ಯೂಟರಿನ ಡಿಎನ್‌ಎಸ್ ಸೆಟ್ಟಿಂಗಿನಲ್ಲಿ ಮೊದಲ ಖಾನೆಗೆ ಸರ್ವರ್ ಹಾಕಿ, ಎರಡನೆಯದಕ್ಕೆ ಸುಮ್ನೆ ಇರಲಿ ಅಂತ 8.8.8.8 ಹಾಕಬೇಡಿ. ಸರ್ವರ್ ಒಮ್ಮೆ ಉತ್ತರ ತಡ ಮಾಡಿದರೆ ಸಾಕು, ವಿಂಡೋಸ್ ಎರಡನೆಯದನ್ನು ಕೇಳುತ್ತದೆ. ಅದು ಆ ಹೆಸರೇ ಇಲ್ಲ ಅನ್ನುತ್ತದೆ. ವಿಂಡೋಸ್ ಅದನ್ನು ನಂಬಿಕೊಂಡು ಕೂರುತ್ತದೆ. ಹೊರಗಿನ ಡಿಎನ್‌ಎಸ್ ಬೇಕಿದ್ದರೆ ಸರ್ವರಿನ ಡಿಎನ್‌ಎಸ್ ಫಾರ್ವರ್ಡರಿನಲ್ಲಿ (ತನಗೆ ಗೊತ್ತಿಲ್ಲದ ಹೆಸರನ್ನು ಸರ್ವರ್ ಹೊರಗೆ ಕೇಳುವ ಜಾಗ) ಕೊಡಿ, ಕಂಪ್ಯೂಟರ್‌ಗಳಲ್ಲಿ ಬೇಡ.

ಮೈಸೂರಿನವರು:
ಡಿಎನ್‌ಎಸ್ ಸರಿ ಮಾಡಿದ ಮೇಲೂ ಒಂದೆರಡು ಮೊಂಡು ಹಿಡಿದರೆ ಗಡಿಯಾರ ನೋಡಿ. ಡೊಮೈನ್ ಗುರುತು ಪರೀಕ್ಷಿಸುವ ಪದ್ಧತಿಯಾದ ಕೆರ್ಬರೋಸ್‌ಗೆ, ಕಂಪ್ಯೂಟರಿನ ಮತ್ತು ಸರ್ವರಿನ ಟೈಮಿನಲ್ಲಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಆಗಿಬರುವುದಿಲ್ಲ. ಐಪಿ ಹೊಡೆದರೆ ಮಾಮೂಲಾಗಿ ಕೆರ್ಬರೋಸ್ ಬಿಟ್ಟು ಎನ್‌ಟಿಎಲ್‌ಎಂ ಅನ್ನುವ ಹಳೆಯ ಪದ್ಧತಿಯಲ್ಲಿ ಹೋಗುತ್ತದೆ, ಅದಕ್ಕೇ ಅಲ್ಲಿ ತೆರೆಯುತ್ತದೆ.

ನಮ್ಮಲ್ಲಿ ಒಂದು ಕಂಪ್ಯೂಟರ್ ದಿನಾ ಬೆಳಿಗ್ಗೆ ಸರಿ ಇರುತ್ತಿತ್ತು, ಅರ್ಧ ಗಂಟೆಯಲ್ಲಿ ಕೆಡುತ್ತಿತ್ತು. ಮೂಲೆಯಲ್ಲಿ ಟೈಮ್ ಸರಿಯಾಗೇ ಕಾಣುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತೆ. ಕಂಪ್ಯೂಟರ್ ಆನ್ ಆಯಿತು. ಅಲ್ಲಿ ಕೂರುವ ಹುಡುಗ ಟೈಮ್ ನೋಡಿದ, 'ದಿನಾ ಇದೊಂದು ಗೋಳು' ಅಂತ ಗಡಿಯಾರ ತಿದ್ದಿದ. ಟೈಮ್ ಝೋನ್ ಅಮೆರಿಕದ ಪೆಸಿಫಿಕ್‌ನಲ್ಲೇ ಉಳಿದಿತ್ತು. ಸರ್ವರ್ ದಿನಾ ಸರಿ ಮಾಡುತ್ತಿತ್ತು, ಇವನು ದಿನಾ ಕೈಯಾರೆ ಕೆಡಿಸುತ್ತಿದ್ದ. ಕಾಣುವ ಟೈಮ್ ಸರಿ, ಒಳಗಿನ ಯುಟಿಸಿ (ಇಡೀ ಜಗತ್ತಿಗೆ ಒಂದೇ ಆದ ಸಮಯ) ಹನ್ನೆರಡು ಗಂಟೆಗೂ ಜಾಸ್ತಿ ಮುಂದೆ! ಝೋನ್ ಬದಲಿಸಿ, ಹುಡುಗನಿಗಿದ್ದ ಅಡ್ಮಿನ್ ಹಕ್ಕು ಕಿತ್ತುಕೊಂಡೆ. ಬೈದುಕೊಂಡಿರಬೇಕು.

ಬೆಳಗಾವಿಯವರು:
'ಟ್ರಸ್ಟ್ ರಿಲೇಶನ್‌ಶಿಪ್' ಅಂತ ಎರರ್ ಬಂದರೆ ಮಾತ್ರ ಕಥೆ ಬೇರೆ. ಕಂಪ್ಯೂಟರಿಗೂ ಡೊಮೈನಿನಲ್ಲಿ ಒಂದು ಪಾಸ್‌ವರ್ಡ್ ಇರುತ್ತದೆ, 30 ದಿನಕ್ಕೊಮ್ಮೆ ಅದೇ ಬದಲಿಸಿಕೊಳ್ಳುತ್ತದೆ. ಹಳೆಯ ಇಮೇಜ್ (ಇಡೀ ಡಿಸ್ಕಿನ ಬ್ಯಾಕಪ್) ರಿಸ್ಟೋರ್ ಮಾಡಿದರೆ ಹಳೆಯ ಪಾಸ್‌ವರ್ಡ್ ವಾಪಸ್ ಬಂದು ಎರಡೂ ತಾಳೆಯಾಗುವುದಿಲ್ಲ. ಆಗಲೂ ಡೊಮೈನ್‌ನಿಂದ ತೆಗೆಯುವುದು ಕೊನೆಯ ದಾರಿ. ಲೋಕಲ್ ಅಡ್ಮಿನ್ ಆಗಿ ಒಳಗೆ ಹೋಗಿ, ಪವರ್‌ಶೆಲ್‌ನಲ್ಲಿ ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ ಜೊತೆ ರಿಪೇರ್ ಸೇರಿಸಿ, ಡೊಮೈನ್ ಅಡ್ಮಿನ್ ಹೆಸರು ಕೊಟ್ಟು ಓಡಿಸಿ. ನನಗಂತೂ ಬಹಳ ಸಲ ಅಷ್ಟರಲ್ಲೇ ಮುಗಿದಿದೆ.

ಕೇಳಿದವರು:
ರೌಟರ್ ಡಿಎಚ್‌ಸಿಪಿ ಆನ್ ಇದ್ದದ್ದು ನಿಜ. ಆಫ್ ಮಾಡಿ ಆರರಲ್ಲೂ ಐಪಿ ರಿನ್ಯೂ ಮಾಡಿದೆ, ಐದು ಸರಿಹೋದವು. ಆರನೆಯದರಲ್ಲಿ ಎರಡನೇ ಖಾನೆಯಲ್ಲಿ 8.8.8.8 ಕೂತಿತ್ತು. ಯಾರು ಹಾಕಿದ್ದು ಅಂತ ಯೋಚಿಸಿದೆ. ಹೋದ ವರ್ಷ ನಾನೇ ಹಾಕಿದ್ದು.